ಗೊತ್ತಿಲ್ಲ, ಏನೀಗ?

ವನಜಕ್ಕ ಒಗ್ಗರಣೆ ಹಾಕುತ್ತ ಇಂಗ್ಲಿಷ್ ಪದಗಳನ್ನು ಸ್ತೋತ್ರದ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದರು. "ನಾಲ್ಕಕ್ಷರ, ಕ್ಯೂ ಉಂಟು, ಯು ಇಲ್ಲ: ಕ್ಯೂ ಎ ಐ ಡಿ, ಕ್ಯೂ ಎ ಡಿ ಐ, ಕ್ಯೂ ಒ ಪಿ ಎಚ್..." ಸಾಸಿವೆ ಸಿಡಿದಾಗ ಒಂದು ಗಳಿಗೆ ನಿಲ್ಲಿಸಿ, ಕರಿಬೇವು ಹಾಕಿ, ಮತ್ತೆ ಶುರು. ಕುಕ್ಕರ್ ಮೂರನೇ ಸೀಟಿ ಹಾಕುವಷ್ಟರಲ್ಲಿ ಐದಕ್ಷರದವು ಮುಗಿದು ಆರಕ್ಷರಕ್ಕೆ ಹೋಗಬೇಕು, ಇದು ಅವರ ಕಟ್ಟಳೆ. ಒಂದೇ ಒಂದು ಪದದ ಅರ್ಥವೂ ಅವರಿಗೆ ಗೊತ್ತಿರಲಿಲ್ಲ. ಕೇಳಿದರೆ ಸೌಟು ಎತ್ತಿ ಹಿಡಿದು, "ಗೊತ್ತಿಲ್ಲ. ಏನೀಗ?" ಅನ್ನುತ್ತಿದ್ದರು.

ಅವರ ಯಜಮಾನರು ಶ್ರೀಕಂಠಯ್ಯನವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ನಮ್ಮ ತಂದೆಯ ಬಾಲ್ಯಸ್ನೇಹಿತರು. ಲೋಧಿ ಕಾಲೋನಿಯ ನೆಲಮಹಡಿಯ ಕ್ವಾರ್ಟರ್ಸಿನಲ್ಲಿ ವಾಸ. ನಾನು ಆಗ ದೆಹಲಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಶೋಧನೆಗೆ ಬಂದು ಹಾಸ್ಟೆಲಿನ ರಾಜ್ಮಾ ತಿಂದು ನಾಲಿಗೆ ಸತ್ತವಳು. ಭಾನುವಾರ ಬಂತೆಂದರೆ, ಮೆಟ್ರೊ ಅಗೆತದ ಧೂಳು ಕುಡಿಯುತ್ತ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹಾಜರ್. ಮೊದಲ ಸಲ "ಆಂಟಿ" ಅಂದಿದ್ದಕ್ಕೆ, "ನಂಗೆ ಇಂಗ್ಲಿಷ್ ಬರಲ್ಲ ಕಣೇ, ಅಕ್ಕ ಅನ್ನು" ಅಂತ ತಲೆಗೆ ಮೊಟಕಿದ್ದರು. ಅರಸೀಕೆರೆ ಕಡೆಯವರು, ಏಳನೇ ಕ್ಲಾಸಿಗೆ ಓದು ಮುಗಿದಿತ್ತು.

ಈ ಪದಗಳ ಹುಚ್ಚು ಹಿಡಿದಿದ್ದು ಒಂದು ತಟ್ಟೆ ಕಡಲೆಕಾಯಿಯಿಂದ. ಚಳಿಗಾಲದ ಭಾನುವಾರಗಳಲ್ಲಿ ಕಾಲೋನಿಯವರು ಪಾರ್ಕಿನ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಸ್ಕ್ರ್ಯಾಬಲ್ ಆಡುತ್ತಿದ್ದರು. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಮಾಡುವ ಆಟ. ವನಜಕ್ಕ ಒಂದು ದಿನ ಪಕ್ಕದಲ್ಲಿ ಕೂತು, ನಾನೂ ಆಡಬಹುದಾ ಅಂತ ಕೇಳಿದರು. ನಿವೃತ್ತ ಅಧಿಕಾರಿ ಮಾಥುರ್ ಸಾಹೇಬರು ನಕ್ಕು, "ಬೆಹನ್‌ಜೀ, ಯೇ ಅಂಗ್ರೇಜೀ ಕಾ ಖೇಲ್ ಹೈ", ಇದು ಇಂಗ್ಲಿಷಿನ ಆಟ ಅಂತ ಹೇಳಿ, ಕಡಲೆಕಾಯಿ ತಟ್ಟೆಯನ್ನು ಇವರತ್ತ ತಳ್ಳಿದರಂತೆ.

"ಆ ಕಡಲೆಕಾಯಿ ನಾನು ಮುಟ್ಟಲಿಲ್ಲ" ಅಂತ ಎಷ್ಟು ಸಲ ಹೇಳಿದರೋ! ಮಾರನೇ ವಾರವೇ ಯಜಮಾನರನ್ನು ಹೊರಡಿಸಿ ದರಿಯಾಗಂಜ್‌ನ ಫುಟ್‌ಪಾತಿನಿಂದ ರಟ್ಟು ಕಿತ್ತುಹೋದ ಪದಪಟ್ಟಿಯ ಪುಸ್ತಕ ತಂದರು. ಎರಡಕ್ಷರದವು, ಮೂರಕ್ಷರದವು, ಜೆ ಇರುವವು, ಜ಼ೆಡ್ ಇರುವವು, ಎಲ್ಲಾ ವಿಂಗಡಿಸಿ ಬಾಯಿಪಾಠ. ನಾನು ಎಂ.ಎ. ಇಂಗ್ಲಿಷಿನವಳು, ಮೂಗು ಮುರಿದೆ. "ಅರ್ಥ ಗೊತ್ತಿಲ್ಲದೆ ಕಲಿತು ಏನಕ್ಕಾ ಉಪಯೋಗ?"

"ನಮ್ಮಜ್ಜಿ ನಂಗೆ ಆರು ವರ್ಷಕ್ಕೇ ಸ್ತೋತ್ರ ಕಲಿಸಿದ್ರು. ಅರ್ಥ ಗೊತ್ತಿತ್ತಾ? ದೇವರು ವಾಪಸ್ ಕಳಿಸಿದ್ನಾ? ಅಕ್ಷರ ಮೊದಲು ಬಾಯಲ್ಲಿ ಕೂರಲಿ. ಅರ್ಥಕ್ಕೆ ಬೇಕಿದ್ರೆ ತಾನಾಗೇ ಬರುತ್ತೆ."

ಒಂದು ವರ್ಷ ಹೀಗೇ ನಡೆಯಿತು. ಮುಂದಿನ ಚಳಿಗಾಲದಲ್ಲಿ ಕಾಲೋನಿಯ ಸ್ಕ್ರ್ಯಾಬಲ್ ಕಪ್ಪಿನ ಪಂದ್ಯಕ್ಕೆ ಹೆಸರು ಕೊಟ್ಟರು. ಡಿಕ್ಷನರಿ ಹಿಡಿದು ಕೂರುವ ಕೆಲಸ ನನ್ನದು. ಯಾರಾದರೂ ಪದವನ್ನು ಪ್ರಶ್ನಿಸಿದರೆ ತೆರೆದು ನೋಡಿ ಹೇಳಬೇಕು. ಬೆಳಗ್ಗೆ ಇಬ್ಬರಿಗೆ ವನಜಕ್ಕ ಸದ್ದಿಲ್ಲದೆ ಮಣ್ಣು ಮುಕ್ಕಿಸಿದರು. ಊಟದ ನಂತರ ಫೈನಲ್ಲು, ಎದುರಿಗೆ ಮಾಥುರ್ ಸಾಹೇಬರು.

ಆಟಕ್ಕೆ ಕೂರುವ ಮೊದಲು ಸಾಹೇಬರು ಎದ್ದು ನಿಂತರು. ಇದು ಭಾಷೆಯ ಆಟ, ಗಿಳಿಪಾಠದ್ದಲ್ಲ. ಇನ್ನು ಮುಂದೆ ಎದುರಾಳಿ ಕೇಳಿದರೆ ಪದದ ಅರ್ಥ ಹೇಳಬೇಕು, ಹೇಳದಿದ್ದರೆ ಅಂಕವಿಲ್ಲ ಅಂತ ಇಂಗ್ಲಿಷಿನಲ್ಲಿ ಭಾಷಣ ಬಿಗಿದು, ಅದನ್ನೇ ಹಿಂದಿಯಲ್ಲೂ ಹೇಳಿ, ಒಪ್ಪುವವರು ಕೈ ಎತ್ತಿ ಅಂದರು. ಯಾರ ಮೇಲೆ ಗುರಿ ಅಂತ ಕುರುಡರಿಗೂ ಕಾಣುತ್ತಿತ್ತು. ಎಲ್ಲರ ಕೈ ಮೇಲೆ ಹೋಯಿತು. ಹೇಳಲು ನಾಚಿಕೆಯಾಗುತ್ತದೆ, ನನ್ನದೂ ಹೋಯಿತು. ವನಜಕ್ಕನ ಮನೆಯ ಬಿಸಿಬೇಳೆಬಾತು ಅದೇ ಕೈಯಲ್ಲಿ ಘಮಘಮ ಅನ್ನುತ್ತಿತ್ತು! ಅವರು ನನ್ನತ್ತ ಒಂದು ಸಲ ನೋಡಿದರು, ಅಷ್ಟೇ.

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಅರಸೀಕೆರೆ ಹಿಂದಿಯಲ್ಲಿ ಶುರು ಮಾಡಿದರು. "ಠೀಕ್ ಹೈ ಸಾಬ್. ಪರ್ ಪೂಛೇಗಾ ಕೌನ್? ಜಿಸ್ಕೋ ನಹೀಂ ಪತಾ, ವಹೀ ಪೂಛೇ. ಪಹಲೇ ಬೋಲೇ, ಮುಝೇ ನಹೀಂ ಪತಾ." ಅರ್ಥ ಕೇಳಬೇಕಾದರೂ ಸರಿ, ಡಿಕ್ಷನರಿ ತೆರೆಸಬೇಕಾದರೂ ಸರಿ, ಕೇಳುವವರು ಮೊದಲು ಎಲ್ಲರ ಎದುರು "ನನಗೆ ಗೊತ್ತಿಲ್ಲ" ಅನ್ನಬೇಕು. ಗೊತ್ತಿದ್ದವರು ಯಾಕೆ ಕೇಳಬೇಕು? ಜನ ಹೋ ಅಂತ ನಕ್ಕರು, ನ್ಯಾಯವಾದ ಮಾತು ಅಂದರು. ಸಾಹೇಬರೂ ಒಪ್ಪದೆ ವಿಧಿಯಿರಲಿಲ್ಲ.

ಆಮೇಲೆ ನೋಡಬೇಕಿತ್ತು ಮಜಾ. ವನಜಕ್ಕ ಕ್ಯೂ ಇಟ್ಟರು, ಜ಼ೆಡ್ ಇಟ್ಟರು, ನಾನೇ ಕಂಡು ಕೇಳರಿಯದ ಪದಗಳನ್ನೆಲ್ಲ ಇಟ್ಟರು. ಸಾಹೇಬರ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಫೈಲು ಬರೆದವರು ಕಾಲೋನಿಯ ಎದುರು ಗೊತ್ತಿಲ್ಲ ಅನ್ನುವುದು ಹೇಗೆ? ಆದರೂ ಬುದ್ಧಿವಂತ ಮನುಷ್ಯ, ಬಿಡಲಿಲ್ಲ. ಕೊನೆಗೆ ಇಪ್ಪತ್ತೆರಡು ಅಂಕ ಮುಂದಿದ್ದರು.

ವನಜಕ್ಕನ ಕೈಯಲ್ಲಿ ಉಳಿದಿದ್ದು ಐದೇ ಬಿಲ್ಲೆ. ಜಪ ಮಾಡಿದ ಯಾವ ಪಟ್ಟಿಯಲ್ಲೂ ಅವಕ್ಕೆ ಪದ ಇರಲಿಲ್ಲವೆಂದು ಕಾಣುತ್ತದೆ, ಬಿಲ್ಲೆಗಳನ್ನು ಹಿಂದೆ ಮುಂದೆ ಮಾಡಿ ನೋಡಿದರು. ಆಮೇಲೆ ಹಲಗೆಯ ಮೇಲಿದ್ದ ಒಂದು ಇ ಅಕ್ಷರ ಕೊನೆಗೆ ಬರುವಂತೆ ನಿಧಾನಕ್ಕೆ ಜೋಡಿಸಿದರು: ಜೆ, ಒ, ಎಲ್, ಐ, ಜಿ.

ಓದಿಕೊಂಡೆ. ಜೋಳಿಗೆ! ಅಯ್ಯೋ ದೇವರೇ, ಅಪ್ಪಟ ಕನ್ನಡದ ಜೋಳಿಗೆ! ನಗು ತಡೆಯಲಾರದೆ ಡಿಕ್ಷನರಿಯನ್ನು ಮುಖಕ್ಕೆ ಅಡ್ಡ ಹಿಡಿದೆ. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ನನ್ನ ಕೈಯಲ್ಲಿದ್ದ ಡಿಕ್ಷನರಿಯನ್ನು ನೋಡಿದರು. ಸುತ್ತ ನಿಂತವರನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ಜೊಲೀಜ್... ಆಫ್ ಕೋರ್ಸ್. ಫ್ರೆಂಚ್ ಮೂಲದ್ದು" ಅಂದರು. ಜೆ ಮೂರು ಪಟ್ಟು ಅಂಕದ ಮನೆಯಲ್ಲಿತ್ತು. ಒಟ್ಟು ಮೂವತ್ತು. ವನಜಕ್ಕ ಎಂಟು ಅಂಕದಿಂದ ಗೆದ್ದರು.

ದಾರಿಯಲ್ಲಿ ಕೇಳಿದೆ. "ಅಕ್ಕಾ, ಅದು ಮೋಸ ಅಲ್ವಾ?"

"ಅವರು ಕೇಳಿದ್ರೆ ನಿಜ ಹೇಳ್ತಿದ್ದೆ, ಸೋಲ್ತಿದ್ದೆ. ಸೋಲೋಕೇನೇ ಭಯ? ಗೊತ್ತಿಲ್ಲ ಅನ್ನೋದು ಎರಡು ಸೆಕೆಂಡಿನ ಮಾತು. ಅಷ್ಟೂ ಬರ್ಲಿಲ್ವಲ್ಲ ಆ ಮನುಷ್ಯಂಗೆ!"

ಆದರೆ ಕಪ್ಪನ್ನು ಇಟ್ಟುಕೊಳ್ಳಲಿಲ್ಲ. ಮಾರನೇ ದಿನ ಹಳೇ ಬಟ್ಟೆಯಲ್ಲಿ ಹೊಲಿದ ಜೋಳಿಗೆಯೊಳಗೆ ಅದನ್ನು ಹಾಕಿ ಹೆಗಲಿಗೇರಿಸಿಕೊಂಡು ನೇರ ಸಾಹೇಬರ ಮನೆಗೆ ಹೋದರಂತೆ. "ಸಾಬ್, ನಿಮ್ಮ ಕಪ್ಪು. ಇದು ಜೋಳಿಗೆ. ನಮ್ಮ ಕಡೆ ಭಿಕ್ಷೆಗೆ ಹೋಗೋರು ಹಾಕ್ಕೋತಾರೆ. ಫ್ರೆಂಚ್ ಅಲ್ಲ." ಸಾಹೇಬರು ಕೆಂಪಗಾಗಿ ಬಾಗಿಲು ಹಾಕಿಕೊಂಡರಂತೆ. ಮುಂದಿನ ವರ್ಷ ಅರ್ಥದ ನಿಯಮದ ಸೊಲ್ಲನ್ನು ಯಾರೂ ಎತ್ತಲಿಲ್ಲ. ವನಜಕ್ಕನ ಕುರ್ಚಿ ಮಾತ್ರ ಪಾರ್ಕಿನಲ್ಲಿ ಖಾಯಂ ಆಯಿತು, ಕಡಲೆಕಾಯಿ ತಟ್ಟೆ ಅವರ ಕೈಯಿಂದ ಎಲ್ಲರಿಗೂ ಹೋಗುತ್ತಿತ್ತು.

ನಾನು ಕೈ ಎತ್ತಿದ ಮಾತನ್ನು ಅವರು ನಾಲ್ಕು ವರ್ಷ ಎತ್ತಲೇ ಇಲ್ಲ. ಶ್ರೀಕಂಠಯ್ಯನವರು ನಿವೃತ್ತರಾಗಿ ಊರಿಗೆ ಹೊರಟ ದಿನ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿದ್ದೆ. ಕಿಟಕಿಯ ಸರಳಿನ ಆಚೆಯಿಂದ ಥಟ್ಟನೆ ಕೇಳಿದರು. "ಅವತ್ತು ಯಾಕೆ ಕೈ ಎತ್ತಿದ್ದೆ?"

ಕಣ್ಣು ತುಂಬಿ ಬಂತು. "ಹೆದರಿಕೆ ಅಕ್ಕಾ. ಬೆಳಗ್ಗೆ ನೀವಿಟ್ಟ ಅರ್ಧ ಪದ ನಂಗೂ ಗೊತ್ತಿರ್ಲಿಲ್ಲ. ಕೈ ಎತ್ತದಿದ್ರೆ, ಎಂ.ಎ. ಮಾಡಿಯೂ ಗೊತ್ತಿಲ್ಲ ಅಂತ ಯಾರಿಗಾದ್ರೂ ಗೊತ್ತಾದ್ರೆ ಅಂತ..."

"ಥೂ ಪೆದ್ದಿ! ಇಷ್ಟು ಹೇಳೋಕೆ ನಾಲ್ಕು ವರ್ಷ ಬೇಕಾಯ್ತಾ?" ಸರಳಿನ ನಡುವೆ ಕೈ ತೂರಿಸಿ ನನ್ನ ಕೆನ್ನೆ ಹಿಂಡಿದರು. ರೈಲು ಅಲುಗಿತು. ನಾನು ಜೊತೆಗೇ ನಡೆದೆ. ಅವರು ತಲೆ ಸರಳಿಗೆ ಒತ್ತಿ ಕೂಗಿದರು, "ಏಳಕ್ಷರ, ಕ್ಯೂ ಕಟ್ಟಕಡೆಗೆ! ಯಾವುದು ಹೇಳೇ!"

"ಗೊತ್ತಿಲ್ಲ ಅಕ್ಕಾ!" ಅಂತ ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವಂತೆ ಕಿರುಚಿದೆ. ಅವರು ಬಾಯ್ತುಂಬ ನಕ್ಕಿದ್ದು ಕಾಣಿಸಿತು. ಅದೇ ಕೊನೆ. ಮರುವರ್ಷ ಅರಸೀಕೆರೆಯಲ್ಲಿ ತೀರಿಕೊಂಡರು.

ಈಗ ಫರೀದಾಬಾದಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮೇಜಿನ ಮೇಲೆ ಮೂರು ಡಿಕ್ಷನರಿಗಳಿವೆ. ಆ ಏಳಕ್ಷರದ ಪದ ಯಾವುದು ಅಂತ ಇವತ್ತಿಗೂ ನಾನು ತೆರೆದು ನೋಡಿಲ್ಲ, ನೋಡುವುದೂ ಇಲ್ಲ. ಗೊತ್ತಿಲ್ಲ. ಏನೀಗ?