ಕೆಟ್ಟಿರದ ಹಾರ್ಡ್ ಡಿಸ್ಕ್

ವೈನಿ, ಆ ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ನಿಮ್ಮ ಅವ್ವ ತೀರಿಕೊಂಡ ಮರುತಿಂಗಳು ನೀವು ಬಸುರಿಯಾಗಿದ್ದಾಗಿನ ಕುಬಸದ ವಿಡಿಯೊ ಕೇಳಿದಾಗ ನಾನು ಹೇಳಿದ್ದು ಸುಳ್ಳು. ‘ಟಕ್ ಟಕ್ ಅಂತ ಸಪ್ಪಳ ಮಾಡಿ ನಿಂತ ಬಿಡ್ತು ವೈನಿ, ಎಲ್ಲಾ ಹೋತು’ ಅಂದಿದ್ದೆ. ಸಪ್ಪಳವನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದೆ. ನೀವು ನನ್ನ ಭುಜ ಮುಟ್ಟಿ, ‘ಹೋಗ್ಲಿ ಬಿಡು ಸುಮಾ, ನೀ ಏನ ಮಾಡಾಕಾಗ್ತಿತ್ತು’ ಅಂದಿರಿ. ನನ್ನನ್ನೇ ಸಮಾಧಾನ ಮಾಡಿದಿರಿ. ಹದಿನಾಲ್ಕು ವರ್ಷವಾಯಿತು.

ಲ್ಯಾಪ್‌ಟಾಪ್ ನಿಮಗೆ ಗೊತ್ತಿರುವುದೇ — ಧಾರವಾಡದಲ್ಲಿ ಎಂ.ಎ. ಮಾಡುವಾಗ ಸೀನಿಯರ್ ಒಬ್ಬಳಿಂದ ಕೊಂಡದ್ದು, ಆಗಲೇ ಮುದಿಯಾಗಿತ್ತು. ಎರವಲು ತಂದ ಕ್ಯಾಮೆರಾದಿಂದ ನಿಮ್ಮ ಕುಬಸದ ವಿಡಿಯೊ ಅದಕ್ಕೆ ಹಾಕಿಕೊಂಡು ಕ್ಯಾಮೆರಾ ತಿರುಗಿ ಕೊಟ್ಟಿದ್ದೆ. ಬೇರೆ ಪ್ರತಿ ಇರಲಿಲ್ಲ. ಆ ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಪ್ಪಳದ ನನ್ನ ಬಾಡಿಗೆ ಮನೆಗಳಿಗೆಲ್ಲ ಹೊತ್ತುಕೊಂಡು ತಿರುಗಿದ್ದೇನೆ. ವಿಡಿಯೊ ಯಾಕೆ ಅಳಿಸಲಿಲ್ಲ — ಒಳ್ಳೆಯ ಉತ್ತರ ಸಿಕ್ಕಿದರೆ ಅದನ್ನು ನಂಬುವುದಿಲ್ಲ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಈ ವರ್ಷ ನೀವು ಫೋನಿನಲ್ಲಿ ಅಂದಿರಿ: ‘ಅವ್ವನ ಮುಖ ಫೋಟೊದಾಗರ ಐತಿ. ಧ್ವನಿ ನೆನಪಾಗವಲ್ದು ಸುಮಾ. ಈಗ ಕೆಟ್ಟ ಡಿಸ್ಕಿನ್ಯಾಗಿಂದನೂ ತೆಗೀತಾರಂತ. ಗಂಗಾವತ್ಯಾಗ ಒಬ್ಬಾವ ಅದಾನಂತ, ಒಂದ್ಸಲ ತೋರ್ಸಿ ನೋಡು.’

ನನಗೆ ಬಂದದ್ದು ಸಿಟ್ಟು. ನಿಮ್ಮ ಮೇಲೆ, ಆ ಕಾಣದ ರಿಪೇರಿಯವನ ಮೇಲೆ, ಸತ್ತದ್ದನ್ನು ಸತ್ತ ಹಾಗೆ ಬಿಡದ ಈ ಕಾಲದ ಮೇಲೆ. ಫೋನ್ ಇಟ್ಟು ಸೀರೆ ಬಿಚ್ಚಿ ಲ್ಯಾಪ್‌ಟಾಪಿಗೆ ಕರೆಂಟು ಕೊಟ್ಟೆ. ಮೊದಲು ನೋಡಿಕೊಳ್ಳೋಣ, ಆಮೇಲೆ ತೀರ್ಮಾನ ಮಾಡೋಣ ಎಂದು.

ಟಕ್. ಟಕ್. ಟಕ್.

ನಾನು ಹೇಳಿದ್ದ ಅದೇ ಸಪ್ಪಳ. ಆರಿಸಿದೆ, ಮತ್ತೆ ಹಚ್ಚಿದೆ. ಮತ್ತೆ ಆರಿಸಿದೆ. ಹತ್ತು ಸಲವಾದರೂ ಮಾಡಿರಬೇಕು. ನಡುವೆ ಒಂದು ವಿಚಿತ್ರ ಅನುಮಾನ ಬಂತು: ಇದು ಆಗಲೂ ಹೀಗೇ ಸಪ್ಪಳ ಮಾಡಿತ್ತೇನೋ, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲವೇನೋ… ನೋಡಿ, ಮನಸ್ಸು ಎಷ್ಟು ಬೇಗ ಬಾಗಿಲು ಹುಡುಕುತ್ತದೆ. ಇಲ್ಲ. ಆಗ ವಿಡಿಯೊ ತೆರೆದುಕೊಂಡಿತ್ತು. ನಾನು ನೋಡಿದ್ದೆ. ನೋಡಿದ ಮೇಲೇ ಸುಳ್ಳು ಹೇಳಿದ್ದು.

ಯಾರ ಕೈಗೂ ಕೊಡಬಾರದೆಂದು ನಾನೇ ಡಿಸ್ಕ್ ಬಿಚ್ಚಲು ಕೂತೆ. ಫೋನಿನಲ್ಲಿ ನೋಡಿದರೆ ಎರಡು ನಿಮಿಷದ ಕೆಲಸ. ಒಂದು ಸ್ಕ್ರೂ ತಿರುಗಲೇ ಇಲ್ಲ. ಕಾಯಿಪಲ್ಲೆ ಹೆಚ್ಚುವ ಚಾಕುವಿನ ತುದಿಯಿಂದ ತಿರುವಿ ಅದರ ತಲೆಯನ್ನೇ ಸವೆಸಿದೆ. ಕೊಪ್ಪಳದ ಅಂಗಡಿಯವನು ಆ ಸ್ಕ್ರೂ ನೋಡಿಯೇ ಕೈ ಮುಗಿದ.

ಕಡೆಗೆ ನೀವು ಹೇಳಿದ ಗಂಗಾವತಿಯವನ ಹತ್ತಿರವೇ ಹೋದೆ. ಹೆಸರು ರಫೀಕ್, ವಯಸ್ಸು ನನ್ನಷ್ಟೇ. ಲ್ಯಾಪ್‌ಟಾಪ್ ಬೋರಲು ತಿರುವಿ ನೋಡಿದವನೇ, ‘ಯಾರ್ರಿ ಮೇಡಂ ಇದರ ಮ್ಯಾಲ ರೊಟ್ಟಿ ಬಡದಾವರು?’ ಅಂದ. ಸ್ಕ್ರೂವಿನ ತಲೆ ಕೊರೆದು ಡಿಸ್ಕ್ ಹೊರಗೆ ತೆಗೆದ. ಅದರ ತುದಿಗೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸೂಜಿಗಳು. ‘ಈ ಹಲ್ಲಿನ ಡಿಸ್ಕ್ ಈಗ ಅಂಗಡ್ಯಾಗ ಸಿಗಂಗಿಲ್ರಿ. ನಡುವ ಒಂದು ಜೋಡಣಿ ತರಿಸಿ ಹೊಸಾದು ಕೂಡಿಸಬೇಕು. ಏನೇನ ಬೇಕ್ರಿ ಇದರಾಗಿಂದು?’

‘ಎಲ್ಲಾ’ ಅಂದೆ. ‘ಲ್ಯಾಪ್‌ಟಾಪ್ ಮೊದಲಿನಂಗ ನಡೀಬೇಕು. ಅದರ ಮ್ಯಾಲ ನಂಗ ಭಾಳ ಪ್ರೀತಿ.’

ಇದು ಎರಡನೆಯ ಸುಳ್ಳು. ಒಂದೇ ಫೈಲು ಎಂದರೆ ಅವನು ಅದನ್ನು ತೆರೆದು ನೋಡುತ್ತಾನೆ ಎಂಬ ಹೆದರಿಕೆ. ಜೋಡಣೆ ಬರಲು ವಾರ ಹಿಡಿಯಿತು. ಬಂದದ್ದು ಬೇರೆ ಅಳತೆಯದ್ದು. ವಾಪಸು ಕಳಿಸಿ ಮತ್ತೊಂದು ತರಿಸಿದ. ನಾನು ಎರಡು ಸಲ ರಜೆ ಹಾಕಿ ಗಂಗಾವತಿಗೆ ಹೋಗಿ ಬರಿಗೈಯಲ್ಲಿ ಬಂದೆ. ಮೂರನೆಯ ಸಲ ಹೋದಾಗ ನಕಲು ನಡೆದಿತ್ತು. ಡಿಸ್ಕ್ ಮೊದಲಿನಿಂದ ಒಂದೊಂದೇ ಇಂಚು ತೆವಳುತ್ತಿತ್ತು, ಎಂ.ಎ. ನೋಟ್ಸು, ಹಾಸ್ಟೆಲ್ಲಿನ ಊಟದ ಪಟ್ಟಿ, ಯಾರದೋ ಮದುವೆ ಕರೆಯೋಲೆ — ಎಲ್ಲ ಜೋಪಾನವಾಗಿ ಹೊಸದಕ್ಕೆ ಹೋಗುತ್ತಿದ್ದವು. ಆಮೇಲೆ ಟಕ್ ಟಕ್ ಜೋರಾಯಿತು. ರಫೀಕ್ ಕಿವಿಗೊಟ್ಟು ಕೇಳಿ ತಟ್ಟನೆ ನಿಲ್ಲಿಸಿದ.

‘ಇದು ಭಾಳ ಹೊತ್ತು ತಡ್ಯಂಗಿಲ್ರಿ. ಇದ್ದದ್ದ ಇದ್ದಂಗ ಹೇಳ್ರಿ, ಖಾಸ್ ಬೇಕಾದ್ದು ಯಾವ್ದು?’

‘ಓಲ್ಡ್ ನೋಟ್ಸ್ ಅಂತ ಒಂದು ಫೋಲ್ಡರ್ ಐತಿ. ಅದರಾಗ ಒಂದು ವಿಡಿಯೊ…’

ಅವನು ನನ್ನನ್ನು ಒಂದು ಗಳಿಗೆ ನೋಡಿದ. ‘ಹಿಂಗಂತ ಮೊದಲ ದಿನಾನ ಅಂದಿದ್ರ ಅದನ್ನ ಮೊದಲ ತೆಗೀತಿದ್ನಲ್ರಿ. ಹಾಸ್ಟೆಲ್ ಊಟದ ಸಲುವಾಗಿ ಇದರ ಜೀವಾ ತಿಂದಂಗಾತು.’

ಮುಚ್ಚಿಡುವ ಆತುರದಲ್ಲಿ ನಿಮ್ಮ ಅವ್ವನನ್ನು ಎರಡನೆಯ ಸಲ ಕಳೆಯುವವಳಿದ್ದೆ. ಸಂಜೆಯವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ವಿಡಿಯೊದ ಕಡೆಯ ಭಾಗ ಹೋಯಿತು. ಮೊದಲಿನ ಏಳು ನಿಮಿಷ ಉಳಿಯಿತು.

‘ನಡೀತೈತೇನ ನೋಡೂಣ್ರಿ’ ಎಂದು ಅವನು ಹಚ್ಚಿಯೇ ಬಿಟ್ಟ. ಸ್ಪೀಕರು ಪೂರ್ತಿ ತೆರೆದಿತ್ತು.

ಕುಷ್ಟಗಿಯ ನಮ್ಮ ಪಡಸಾಲೆ, ನೀವು ಅಣ್ಣನನ್ನು ಮದುವೆಯಾಗಿ ಬಂದ ಮನೆ. ನೀವು ಹಸಿರು ಸೀರೆಯಲ್ಲಿ ಮಣೆಯ ಮೇಲೆ. ಆ ಸೀರೆ, ಕೈತುಂಬ ಬಳೆ, ಬುಟ್ಟಿ ಬುಟ್ಟಿ ಹೋಳಿಗೆ, ಕರಚಿಕಾಯಿ — ಎಲ್ಲ ಗಿರಿಜತ್ತಿ, ನಿಮ್ಮ ಅವ್ವ, ಹನುಮಸಾಗರದಿಂದ ಹೊತ್ತು ತಂದದ್ದು. ತಂದವರು ಮಾತ್ರ ಒಳಬಾಗಿಲಲ್ಲಿ, ಗೋಡೆಗೆ ಅಂಟಿ, ಸೆರಗು ತಲೆ ಮೇಲೆ. ಗಂಡ ಸತ್ತವರು, ಉಡಿ ತುಂಬುವ ಹಾಗಿಲ್ಲ. ಐದು ಜನ ಮುತ್ತೈದೆಯರು ನಿಮ್ಮ ಉಡಿ ತುಂಬುತ್ತಿರುವಾಗ ತೆಂಗಿನಕಾಯಿ ಜಾರಿ ಕೆಳಗೆ ಉರುಳುತ್ತದೆ. ಗಿರಿಜತ್ತಿ ಎರಡು ಹೆಜ್ಜೆ ಓಡಿ ಬಂದು ಬಗ್ಗಿ ಕೈ ಚಾಚುತ್ತಾರೆ.

ಆಗ ನಾನು ಏನೆಂದೆ? ನನ್ನ ನೆನಪಿನಲ್ಲಿ ಇದ್ದದ್ದು: ‘ಸ್ವಲ್ಪ ಬಾಜೂ ಸರೀರಿ ಅತ್ತಿ, ಬೆಳಕಿಗೆ ಅಡ್ಡ ಆಗಾಕತ್ತೀರಿ.’ ವರ್ಷಗಟ್ಟಲೆ ಈ ಮಾತಿಗೇ ನಾಚಿಕೊಂಡಿದ್ದೆ. ಇಷ್ಟಕ್ಕೆ ಇಷ್ಟು ನಾಚಿಕೊಳ್ಳುವ ನಾನು ಒಳ್ಳೆಯವಳೇ ಇರಬೇಕೆಂದೂ ಒಮ್ಮೊಮ್ಮೆ ಅನ್ನಿಸಿತ್ತು.

ರಫೀಕನ ಅಂಗಡಿಯಲ್ಲಿ ಕೇಳಿದ್ದು ಬೇರೆ. ಬೆಳಕಿನ ಸುದ್ದಿಯೇ ಇಲ್ಲ. ‘ಅತ್ತಿ, ನೀವ್ಯಾಕ ಮುಂದ ಬಂದ್ರಿ? ಮುತ್ತೈದೇರು ಅದಾರಲ್ಲ, ಅವರು ಹಿಡೀತಾರ. ಹಿಂದಕ್ಕ ಸರೀರಿ, ವಿಡಿಯೋದಾಗ ಬರಾಕತ್ತೀರಿ.’ ನನ್ನದೇ ಧ್ವನಿ, ಚುರುಕಾಗಿ, ಕ್ಯಾಮೆರಾ ಹಿಡಿದವರ ಗತ್ತಿನಲ್ಲಿ. ಅದೇ ವರ್ಷ ವಿಧವೆಯರನ್ನು ಶುಭಕಾರ್ಯಗಳಿಂದ ದೂರ ಇಡುವುದರ ಬಗ್ಗೆ ವಿಭಾಗದಲ್ಲಿ ಪ್ರಬಂಧ ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ಫೈಲೂ ಅದೇ ಡಿಸ್ಕಿನಲ್ಲಿತ್ತು. ಅದು ಒಂದು ಅಕ್ಷರವೂ ಕೆಡದೆ ಬಂದಿದೆ.

ಆಮೇಲೆ ಗಿರಿಜತ್ತಿಯ ಧ್ವನಿ. ಇದು ನನಗೆ ಸುತರಾಂ ನೆನಪಿರಲಿಲ್ಲ. ಚಾಚಿದ ಕೈ ಹಿಂದೆ ಎಳೆದುಕೊಂಡು, ಸಣ್ಣಗೆ ನಕ್ಕು, ‘ಹೌದಲ್ಲಬೇ ಯವ್ವಾ, ಮರ್ತ ಬಿಟ್ಟೆ. ಕಾಯಿ ಉರುಳ್ತಲ್ಲ, ಅದಕ್ಕ…’

ಏಳು ನಿಮಿಷದಲ್ಲಿ ಅವರ ಮಾತು ಇಷ್ಟೇ. ನೀವು ಕೇಳುತ್ತಿರುವ ಧ್ವನಿ ನನಗೆ ಕೊಟ್ಟ ಈ ಉತ್ತರದಲ್ಲಿ ಮಾತ್ರ ಇದೆ.

ರಫೀಕ್ ಸ್ಪೀಕರಿನ ಗುಂಡಿ ತಿರುಗಿಸಿದ. ಸ್ವಲ್ಪ ಹೊತ್ತು ಮೇಜು ಒರೆಸಿದ. ‘ಅಮ್ಮಾರು ತೀರ್ಕೊಂಡಾರೇನ್ರಿ?’ ಅಂದ. ತಲೆಯಾಡಿಸಿದೆ. ‘ಮೊದಲಿಂದು ತೆಗದು, ಅವರ ಮಾತಷ್ಟ ಇಟ್ಟು ಕೊಡ್ಲೇನ್ರಿ?’

‘ಹೂಂ’ ಅಂದೆ, ವೈನಿ. ಯೋಚಿಸಲೂ ಇಲ್ಲ. ಡಿಸ್ಕಿಗೆ ಮೂರು ವಾರ ಹಿಡಿದಿತ್ತು. ನನ್ನ ಮಾತು ಕತ್ತರಿಸಲು ಅವನಿಗೆ ಎರಡು ನಿಮಿಷ ಸಾಕಾಯಿತು. ಹೊಸ ಡಿಸ್ಕಿನಲ್ಲಿ ಎರಡು ಫೈಲು — ಒಂದು ಇಡಿಯದು, ಒಂದು ತುಂಡು. ತುಂಡಿನಲ್ಲಿ ನಿಮ್ಮ ಅವ್ವ ಯಾರೂ ಏನೂ ಅನ್ನದೆಯೇ ನಕ್ಕು ತಪ್ಪು ಒಪ್ಪಿಕೊಳ್ಳುತ್ತಾರೆ.

ಕೊಪ್ಪಳದ ಬಸ್ಸು ಹುಲಿಗಿಯ ಗುಡಿಗೆ ಹೊರಟವರಿಂದ ತುಂಬಿತ್ತು. ಯಾರೋ ಹೆಂಗಸು, ‘ಒಂಚೂರ ಹಿಡ್ಕೋರಿ ಅಕ್ಕಾರ’ ಎಂದು ಹಣ್ಣುಕಾಯಿಯ ಬುಟ್ಟಿಯನ್ನು ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಮೇಲೇ ಇಟ್ಟಳು. ರೇಗಬೇಕೆಂದುಕೊಂಡೆ. ಹಿಡಿದುಕೊಂಡೆ.

ಮನೆಯಲ್ಲಿ ನಿಮಗೆ ಕಳಿಸಲೆಂದು ತುಂಡು ಫೈಲನ್ನು ಫೋನಿಗೆ ಹಾಕಿಕೊಂಡೆ. ಕಳಿಸುವ ಮುಂಚೆ ಇಡಿಯದನ್ನು ಇನ್ನೊಮ್ಮೆ ನೋಡಿದೆ — ಈ ಸಲ ನಿಮ್ಮನ್ನು. ಹದಿನಾಲ್ಕು ವರ್ಷ ನನ್ನ ಮಾತನ್ನಷ್ಟೇ ಮೆಲುಕು ಹಾಕಿದ ನಾನು ನಿಮ್ಮ ಮುಖ ನೋಡಿರಲೇ ಇಲ್ಲ. ನಾನು ಆ ಮಾತು ಆಡುತ್ತಿದ್ದಂತೆ ನೀವು ತಲೆ ಎತ್ತಿ ನೇರ ಕ್ಯಾಮೆರಾದ ಕಡೆ — ನನ್ನ ಕಡೆ — ನೋಡುತ್ತೀರಿ. ಆಮೇಲೆ ಒಳಬಾಗಿಲ ಕಡೆ. ಉಳಿದ ಅಷ್ಟೂ ಹೊತ್ತು ಆ ಕಡೆಯೇ.

ನೀವು ಕೇಳಿಸಿಕೊಂಡಿದ್ದಿರಿ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ವಿಡಿಯೊ ಕೇಳಿದಿರಿ. ನಾನು ಟಕ್ ಟಕ್ ಎಂದಾಗ ಭುಜ ಮುಟ್ಟಿದಿರಿ.

ತುಂಡು ಫೈಲನ್ನು ಅಳಿಸಿದೆ. ಇದನ್ನು ನೋಡುವ ಮೊದಲೇ ಅಳಿಸಿದೆ ಎಂದು ಬರೆಯಲು ಕೈ ಮುಂದಾಗುತ್ತಿದೆ. ಇನ್ನೆರಡು ವರ್ಷಕ್ಕೆ ನಾನೇ ಹಾಗೆ ನಂಬುತ್ತೇನೆ. ಅದಕ್ಕೇ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ: ಮೊದಲು ನಿಮ್ಮ ಮುಖ ನೋಡಿದೆ, ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ತಿಳಿಯಿತು, ಆಮೇಲೆ ಅಳಿಸಿದೆ.

ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಕುಷ್ಟಗಿಗೆ ಬರುತ್ತೇನೆ. ಈ ಕಾಗದವನ್ನು ಮೊದಲು ಓದಿ. ಆಮೇಲೆ ವಿಡಿಯೊವನ್ನು ನೀವೇ ಹಚ್ಚಿ, ನನ್ನ ಆ ಮಾತಿನಿಂದಲೇ ಶುರು ಮಾಡಿ. ನಾನು ಎದುರಿಗೇ ಕೂತಿರುತ್ತೇನೆ.