ಕ್ರಿಸ್‌ಮಸ್ ದಿನದ ಸಾಂಬ್ರಾಣಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವ್ವನನ್ನು ಬೈಯುವುದು ಬೇಡ. ಲಾಡ್ಜಿನ ರೂಮಿನ ಚಾವಣಿಯಲ್ಲಿದ್ದ ದುಂಡನೆಯ ಬಿಳಿ ಡಬ್ಬಿ ತೋರಿಸಿ, "ಅದು ಕ್ಯಾಮ್ರಾ ಕಣವ್ವ. ಈ ರೂಮಲ್ಲಿ ಏನ್ ನಡುದ್ರೂ ಆಫೀಸಲ್ಲಿ ಕುಂತ್ಕಂಡು ನೋಡ್ತಾವ್ರೆ" ಎಂದವನು ನಾನು. ಅದು ಹೊಗೆ ಎದ್ದರೆ ಕೂಗುವ ಅಲಾರಂ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇಂಗ್ಲೆಂಡಿನಲ್ಲಿ ನರ್ಸಾಗಿರುವ ಅಕ್ಕನ ಬಾಣಂತನಕ್ಕೆಂದು ಕೆ.ಆರ್. ಪೇಟೆ ಹತ್ತಿರದ ನಮ್ಮೂರಿಂದ ಅವ್ವ ಹೊರಟಾಗ, ಇಂಗ್ಲಿಷ್ ಬಲ್ಲವನೆಂದು ಜೊತೆಗೆ ನನ್ನನ್ನು ಕಳಿಸಿದ್ದರು. ನಾವು ಹೋಗಿ ಇಳಿಯುವಷ್ಟರಲ್ಲಿ ನೀರಿನ ಪೈಪು ಒಡೆದು ಅಕ್ಕನ ಬಾಡಿಗೆ ಮನೆಯ ಚಾವಣಿಯೇ ಕುಸಿದಿತ್ತು. ರಿಪೇರಿ ಮುಗಿಯುವ ತನಕ ಇರಿ ಎಂದು ಮನೆ ಮಾಲೀಕರು ಒಂದು ಲಾಡ್ಜಿನಲ್ಲಿ ಒಂದೇ ಒಂದು ರೂಮು ಮಾಡಿಕೊಟ್ಟಿದ್ದರು. ಮಂಚಗಳ ಮೇಲೆ ಅವ್ವ, ಅಕ್ಕ, ಹನ್ನೆರಡು ದಿನದ ಕೂಸು. ನೆಲದ ಮೇಲೆ ಭಾವ ಮತ್ತು ನಾನು. ಮಧ್ಯಾಹ್ನ ಮೂರೂವರೆಗೇ ಮಬ್ಬುಗತ್ತಲು. ನಿಲ್ಲದ ಅಳು, ಒಣಗದ ಬಟ್ಟೆ. ಹೊತ್ತು ಹೋಗದೆ ಎಲ್ಲರನ್ನೂ ಅಣಕಿಸುತ್ತಿದ್ದೆ: ಭಾವನ ಗೊರಕೆ, ಮ್ಯಾನೇಜರಮ್ಮನ ಮೂಗಿನ ಮಾತು, ವಿಮಾನ ಅಲ್ಲಾಡಿದಾಗ ಗಂಜಾಂ ನಿಮಿಷಾಂಬೆಯನ್ನು ಕೂಗಿದ ನನ್ನದೇ ಕೀರಲು ದನಿ. ಅಕ್ಕ ಮೊದಮೊದಲು ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗತೊಡಗಿದಳು.

ಕ್ರಿಸ್‌ಮಸ್ ದಿನ ಭಾವನಿಗೆ ವೃದ್ಧಾಶ್ರಮದಲ್ಲಿ ಡ್ಯೂಟಿ. ಅವತ್ತು ಅಲ್ಲಿ ಬಸ್ಸೇ ಓಡುವುದಿಲ್ಲ, ನಡೆದೇ ಹೋದರು. ಅವ್ವ ಕೂಸಿಗೆ ಎಣ್ಣೆ ನೀರು ಹಾಕಿ, ಊರಿಂದ ತಂದಿದ್ದ ಸಾಂಬ್ರಾಣಿಯನ್ನು ತಟ್ಟೆಯಲ್ಲಿ ಹೊತ್ತಿಸಿ ನೆತ್ತಿಗೆ ಹೊಗೆ ಕೊಟ್ಟಳು. ಆಗಲೇ ಬಾಗಿಲು ಬಡಿದ ಸದ್ದು. ಹಬ್ಬಕ್ಕೆಂದು ಒಣದ್ರಾಕ್ಷಿ ತುಂಬಿದ ಸಿಹಿ ತಂದಿದ್ದರು ಮ್ಯಾನೇಜರಮ್ಮ. ಹೊಗೆ ನೋಡಿದರು. ತಲೆ ಎತ್ತಿದರು. ಅಲಾರಂ ಡಬ್ಬಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ಬಿಗಿಯಾಗಿ ಕೂತಿತ್ತು. ಅವ್ವ ಯಾವಾಗಲೋ ಮಂಚ ಹತ್ತಿ ಹಾಕಿದ್ದಳು.

ಬೆಂಕಿ ಬಿದ್ದಿದ್ದರೆ ಇಡೀ ಕಟ್ಟಡದ ಜನ ಸಾಯುತ್ತಿದ್ದರು, ಮುಚ್ಚಿದ್ದು ಯಾರು ಎಂದು ಕೇಳಿದರು. ನಾನು ಅವ್ವನ ಕಡೆ ಬೆರಳು ತೋರಿಸಿದೆ. ಓದು ಬರದವಳು, ತಿಳಿಯದೆ ಮಾಡಿದ್ದಾಳೆ ಎಂದೆ. ಕ್ಯಾಮೆರಾದ ಮಾತನ್ನು ನುಂಗಿಕೊಂಡೆ.

ಬಾಣಂತಿ, ಕೂಸು ಇರಲಿ. ಮುಚ್ಚಿದವರು ಮಾತ್ರ ಇವತ್ತೇ ಜಾಗ ಖಾಲಿ ಮಾಡಬೇಕು ಎಂದು ಹೇಳಿ, ಸಿಹಿಯ ತಟ್ಟೆಯೊಂದಿಗೇ ಅವರು ವಾಪಸು ಹೋದರು.

"ಏನಂತಳ್ಲಾ ಆಯಮ್ಮ?" ಎಂದಳು ಅವ್ವ.

ಹೇಳಿದೆ. ಅವ್ವ ಸಾಂಬ್ರಾಣಿಗೆ ನೀರು ಚಿಮುಕಿಸಿ ಆರಿಸಿದಳು. ಸೀರೆಗಳನ್ನು ಬ್ಯಾಗಿಗೆ ತುಂಬಿದಳು.

"ಬಸ್‌ಸ್ಟ್ಯಾಂಡಲ್ಲಿ ಮನೀಕತೀನಿ ಬುಡು. ಪ್ಯಾಟೇಲಿ ಮನಗಿಲ್ವಾ? ಕೂಸಿಗೆ ನೀರುಯ್ಯಾಕೆ ವತ್ತಾರೆಗೇ ಬತ್ತೀನಿ."

ಹೊರಗೆ ನಿಂತ ನೀರು ಕಲ್ಲಾಗಿತ್ತು. ಅವ್ವನ ಕಾಲಲ್ಲಿ ಅಕ್ಕನ ಸಾಕ್ಸು, ಅದರ ಮೇಲೆ ಹವಾಯಿ ಚಪ್ಪಲಿ.

ಅಕ್ಕ ಕೂಸನ್ನು ಎದೆಯಿಂದ ಬಿಡಿಸಿ ಮಲಗಿಸಿದಳು. "ಅವ್ವಾ, ಅದುನ್ಯಾಕೆ ಮುಚ್ದೆ ನೀನು?"

"ಕ್ಯಾಮ್ರಾ ಅಂದ್ನಲ್ಲವ್ವ ಇವ್ನು. ನೀನು ಆಲು ಕೊಡೋದ್ನ ಕಂಡೋರು ನೋಡ್ಬುಟ್ಟರೆ?"

ಅಕ್ಕ ನನ್ನನ್ನೇ ನೋಡಿದಳು.

"ತಮಾಸೆಗಂದೆ ಕಣಕ್ಕ."

ಅವಳು ಅವ್ವನ ಕೈಯಿಂದ ಬ್ಯಾಗು ಕಿತ್ತುಕೊಂಡು, ಸೀರೆಗಳನ್ನೆಲ್ಲ ಮಂಚಕ್ಕೆ ಸುರಿದು, ಖಾಲಿ ಬ್ಯಾಗನ್ನು ನನ್ನ ಕಾಲ ಬಳಿ ಎಸೆದಳು.

"ತಮಾಸೆ ನಿಂದು, ಕೂಸು ನಂದು. ಓಗಿ ಆಯಮ್ಮಂಗೆ ನಿಜ ಏಳ್ಬುಟ್ಟು ನೀನೇ ಒರಡ್ಲಾ."