ಮೊಟ್ಟೆಗೂಡಿನಲ್ಲಿ ಅಪ್ಪಿಯ ಮದ್ದು

ಹೋದ ಕರೆಂಟು ತಿರುಗಿ ಬಂದಾಗ ನಮ್ಮ ಮನೆಯ ಫ್ರಿಜ್ಜು ಒಮ್ಮೆ ಮೈ ಕೊಡವಿ, ‘ಘುರ್’ ಎಂದು ಗಂಟಲು ಸರಿಮಾಡಿಕೊಳ್ಳುತ್ತದೆ. ಮೊನ್ನೆ ಆ ಸದ್ದು ಕೇಳಿದ್ದೇ ನಾನು ಕುರ್ಚಿಯಿಂದ ಎದ್ದೆ. ಡಾಕ್ಟರು ಬರೆದುಕೊಟ್ಟ ಇನ್ಸುಲಿನ್ ಅದರೊಳಗಿತ್ತು. ಮಿಡಿ ಉಪ್ಪಿನಕಾಯಿಯ ಭರಣಿಯ ಹಿಂದೆ, ಖಾಲಿ ಮಿಠಾಯಿ ಡಬ್ಬಿಯಲ್ಲಿ ಅದನ್ನು ಮುಚ್ಚಿಟ್ಟಿದ್ದೆ. ಸಕ್ಕರೆ ಕಾಯಿಲೆಯ ಮದ್ದಿಗೆ ಮಿಠಾಯಿ ಡಬ್ಬಿಯೇ ಸಿಗಬೇಕೇ ಎಂದು ನೀವು ನಗಬಹುದು. ಮನೆಗೆ ಬಂದವರು ಕಂಡು ‘ಓ, ಇವನಿಗೂ ಶುರುವಾಯಿತಾ’ ಎನ್ನಬಾರದು ಎಂದು ಹುಡುಕುವಾಗ ಕೈಗೆ ಸಿಕ್ಕಿದ್ದು ಅದೊಂದೇ.

ಆ ‘ಘುರ್’ ಮಾತ್ರ ನನ್ನನ್ನು ಸೀದಾ ಬಿಜೂರಿನ ದೊಡ್ಡಮ್ಮನ ಚಾವಡಿಗೆ ಕರೆದೊಯ್ದಿತು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ನಾನು ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕುಂದಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ದೊಡ್ಡಪ್ಪನದು ಮುಂಬಯಿಯಲ್ಲಿ ಹೋಟೆಲು. ಹೋಟೆಲಿಗೆ ಹೊಸ ಫ್ರಿಜ್ಜು ಬಂದಾಗ ಹಳೆಯದನ್ನು ಲಾರಿ ಹತ್ತಿಸಿ ಊರಿಗೆ ಕಳಿಸಿದರು. ಬಾಗಿಲು ತೆಗೆದರೆ ಇನ್ನೂ ಇಡ್ಲಿ ಚಟ್ನಿಯ ವಾಸನೆ. ಅಡುಗೆಮನೆಯಲ್ಲಿ ಜಾಗವಿದ್ದರೂ ದೊಡ್ಡಮ್ಮ ಅದನ್ನು ಚಾವಡಿಯಲ್ಲೇ ನಿಲ್ಲಿಸಿ, ತಲೆಗೊಂದು ಕಸೂತಿ ಬಟ್ಟೆ ಹೊದಿಸಿದರು. ದಾರಿಯಲ್ಲಿ ಹೋಗುವವರಿಗೆ ಕಾಣದ ಫ್ರಿಜ್ಜು ಇದ್ದೂ ಏನು ಪ್ರಯೋಜನ?

ತಂಪಿನ ಯಂತ್ರ ಬರುವ ಮೊದಲು ಆ ಮನೆಯಲ್ಲಿ ತಂಪು ಇರಲಿಲ್ಲ ಎಂದುಕೊಳ್ಳಬೇಡಿ. ಬೆಣ್ಣೆಯ ಗಡಿಗೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿಯುತ್ತಿತ್ತು. ಕುಡಿಯುವ ನೀರಿನ ಮಡಕೆ ಒದ್ದೆ ಹೊಯಿಗೆಯಲ್ಲಿ, ಎಂದರೆ ಮರಳಿನಲ್ಲಿ, ಅರ್ಧ ಹೂತುಕೊಂಡು, ಬೇಸಗೆಗೆ ಸವಾಲು ಹಾಕುವಂತೆ ಕೂತಿರುತ್ತಿತ್ತು. ಫ್ರಿಜ್ಜು ಬಂದ ಮೇಲೆ ಅದರೊಳಗೆ ಸೇರಿದ್ದು ನೀರಿನ ಬಾಟಲಿ, ಊರವರ ಮದುವೆಗೆ ತಂದ ಹೆಮ್ಮಾಡಿ ಸೇವಂತಿಗೆ, ಮೊಟ್ಟೆ. ಮೀನಿಗೆ ಮಾತ್ರ ಪ್ರವೇಶವಿಲ್ಲ. ಊಟಕ್ಕೆ ಮೀನಿಲ್ಲದ ದಿನ ಮುಖ ಊದಿಸಿಕೊಳ್ಳುವ ಮನೆಯದು. ಆದರೂ ದೊಡ್ಡಮ್ಮನ ತರ್ಕ ಬೇರೆ.

“ತಣ್ಗಾದ್ ಮೀನ್ ತಿಂಬುದಾರೆ ಸಮುದ್ರದ ಬದಿಯಂಗೆ ಎಂತಕ್ ಇಪ್ಪುದ್?”

ಮೀನು ತರುತ್ತಿದ್ದವಳು ಅಪ್ಪಿ. ತೋಟದಾಚೆಗೇ ಅವಳ ಮನೆ. ಬೆಳಿಗ್ಗೆ ದಡಕ್ಕೆ ಹೋಗಿ ಬುಟ್ಟಿ ತುಂಬಿಸಿಕೊಂಡು ಮನೆಮನೆ ನಡೆಯುವವಳು. ಆ ವರ್ಷ ಅವಳ ಕಾಲಿನ ಹೆಬ್ಬೆರಳಿಗೆ ಚಿಪ್ಪು ತಾಗಿ ಆದ ಗಾಯ ಮಾಯಲೇ ಇಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಆಸ್ಪತ್ರೆಯಲ್ಲಿ ಹೇಳಿ ಇನ್ಸುಲಿನ್ ಕೊಟ್ಟರು, ತಂಪಿನಲ್ಲೇ ಇಡಬೇಕೆಂದೂ ಹೇಳಿದರು. ಅಪ್ಪಿ ಸೆರಗಿನಲ್ಲಿ ಪೊಟ್ಟಣ ಹಿಡಿದು ಚಾವಡಿಯ ಮೆಟ್ಟಿಲ ಮೇಲೆ ನಿಂತಳು.

“ಅಮ್ಮ, ಬಾಗ್ಲ್ ನೀವೇ ತೆಗಿನಿ. ನನ್ ಕೈಯೆಲ್ಲ ಬಂಗ್ಡಿ ವಾಸನಿ.”

“ಮೀನಿಗ್ ಜಾಗ ಇಲ್ದಿರೂ ಮೀನ್‌ಗಾರ್ತಿಗ್ ಇತ್ತ್ ಮಾರಾಯ್ತಿ, ಕೊಡ್ ಇಲ್ಲಿ,” ಎಂದು ದೊಡ್ಡಮ್ಮ ಮೊಟ್ಟೆಗಳನ್ನು ಬದಿಗೆ ಸರಿಸಿ ಮದ್ದನ್ನು ಅಲ್ಲಿ ಕೂರಿಸಿದರು. ಅಂದಿನಿಂದ ಫ್ರಿಜ್ಜು ನೋಡಲು ಬಂದವರಿಗೆಲ್ಲ ಒಂದೇ ಎಚ್ಚರಿಕೆ: “ಅದ್ ಅಪ್ಪಿದ್. ಮುಟ್ಬೇಡಿ.”

ಬೆಳಿಗ್ಗೆ ಸಂಜೆ ಅಪ್ಪಿ ಬಂದು ತಾನೇ ಚುಚ್ಚಿಕೊಂಡು ಹೋಗುತ್ತಿದ್ದಳು. ಗಾಯ ಮಾತ್ರ ಹಾಗೇ ಇತ್ತು. ಒಂದು ದಿನ ದೋಣಿ ಬೇಗ ಬಂತೆಂದು ಬೆಳಕು ಹರಿಯುವಾಗಲೇ ಬಂದವಳು ಚಾವಡಿಯಲ್ಲಿ ಫ್ರಿಜ್ಜಿಗೆ ಕಿವಿಗೊಟ್ಟು ನಿಂತಳು.

“ಇದ್ ಎಂತ ಅಮ್ಮ, ಇವತ್ತ್ ಮಾತಾಡುದಿಲ್ಲೆ?”

“ಹಗ್ಲಿಡೀ ಗುರ್‌ಗುಟ್ಟತ್ತ್, ಪಾಪ. ರಾತ್ರಿಗ್ ಬಂದ್ ಮಾಡಿ ಒಂಚೂರ್ ಆರಾಮ್ ಕೊಡ್ತೆ.”

ಗದ್ದೆ ಉತ್ತ ಕೋಣಗಳಿಗೆ ಸಂಜೆ ನೊಗ ಇಳಿಸಿ ಗೊತ್ತಿದ್ದ ಮನೆ. ದುಡಿದ ಯಂತ್ರಕ್ಕೂ ಅದೇ ನ್ಯಾಯ. ವಿಜ್ಞಾನ ಓದುತ್ತಿದ್ದ ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ ಎಂದರೆ ನನ್ನ ಓದಿನ ಆಳ ನಿಮಗೆ ತಿಳಿದೀತು.

ಅಪ್ಪಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಉಪಕಾರ ಮಾಡಿದವರಿಗೆ ತಪ್ಪು ಹೇಳುವುದು ಹೇಗೆ? ಬೆರಳನ್ನೇ ನೋಡುತ್ತ ಅಂದಳು: “ಬೇಜಾರ್ ಮಾಡ್ಬೇಡಿ ಅಮ್ಮ. ಅದ್ ಮಲ್ಕಂಡ್ರೆ ನನ್ ಬೆರಳ್ ಹೋತ್ತ್.”

ದೊಡ್ಡಮ್ಮ ಎದ್ದು ಹೋಗಿ ಸ್ವಿಚ್ಚು ಹಾಕಿದರು. ಆಮೇಲೆ ಅದರ ಮೇಲೊಂದು ಕಾಗದ ಅಂಟಿಸಿ ಯಾರೂ ಮುಟ್ಟದ ಹಾಗೆ ಮಾಡಿದರು. ಹಳೆಯ ಮದ್ದು ಕೆಟ್ಟಿತ್ತೋ ಇಲ್ಲವೋ ದೇವರೇ ಬಲ್ಲ. ಮರುದಿನ ಹೊಸದು ತರಲು ನನ್ನನ್ನೇ ಕುಂದಾಪುರಕ್ಕೆ ಕಳಿಸಿದರು.

ಅಷ್ಟರಲ್ಲಿ ಮಳೆಗಾಲ ಕಾಲಿಟ್ಟಿತು. ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋದದ್ದು ದಿನಗಟ್ಟಲೆ ಬರಲಿಲ್ಲ. ಚಾವಡಿಯ ಫ್ರಿಜ್ಜು ಬರಿ ಕಪಾಟಾಯಿತು. ದೊಡ್ಡಮ್ಮ ಮದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಣ್ಣ ಮಡಕೆಯೊಳಗಿಟ್ಟು, ಮಡಕೆಯನ್ನು ಹೊಯಿಗೆಯಲ್ಲಿ ಹೂತು, ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಹೊಯಿಗೆ ಆರದಂತೆ ದಿನವಿಡೀ ಚೊಂಬು ಹಿಡಿದು ಅಡುಗೆಮನೆಗೂ ಮಡಕೆಗೂ ಓಡಾಟ.

“ಅಮ್ಮ, ಮೀನಿನ್ ಐಸ್ ತರ್ಲಾ?” ಅಪ್ಪಿ ಕೇಳಿದಳು.

“ತಾ ತಾ. ಮದ್ದ್ ಕಲ್ಲಾಯ್ಲಿ, ಬಂಗ್ಡಿ ವಾಸನಿ ಬರ್ಲಿ. ಆಮೇಲ್ ಡಾಕ್ಟ್ರ್ ಅದ್ರ ಸಾರೇ ಮಾಡ್ಲಿ!” ಎಂದು ಗದರಿ, ಸೊಂಟ ಹಿಡಿದುಕೊಂಡು ಫ್ರಿಜ್ಜಿನ ಕಡೆ ನೋಡಿದರು. “ಕಾಣ್, ಅದ್ಕ್ ಆರಾಮ್ ಸಿಕ್ತ್. ಈಗ ನಂಗಿಲ್ಲೆ.”

ಮೊದಲೆಲ್ಲ ಬುಟ್ಟಿ ಇಳಿಸಿದ ಕೂಡಲೇ ಮೀನಿನ ಕಿವಿರು ಎತ್ತಿ ನೋಡುತ್ತಿದ್ದ ದೊಡ್ಡಮ್ಮ, ಆ ಮಳೆಗಾಲವಿಡೀ ಮೊದಲು ಅಪ್ಪಿಯ ಕಾಲು ನೋಡಿದರು. ಮಳೆ ಹಿಂದೆ ಸರಿದ ಒಂದು ಬೆಳಿಗ್ಗೆ ಅಪ್ಪಿ ಪಟ್ಟಿಯಿಲ್ಲದ ಕಾಲನ್ನು ಮುಂದೆ ಚಾಚಿ, ಬೆರಳು ಆಡಿಸಿ ತೋರಿಸಿದಳು.

“ಹ್ವಾಯ್, ಕಾಲ್ ಕಂಡದ್ ಸಾಕ್. ಇನ್ ಮೀನ್ ಕಾಣಿ. ಬೆಳ್ಳಂಜಿ ತಾಜಾ ಇತ್ತ್.”

ಇಬ್ಬರೂ ಈಗಿಲ್ಲ. ಆ ಫ್ರಿಜ್ಜು ಯಾವ ಗುಜರಿಗೆ ಹೋಯಿತೋ. ಮೊನ್ನೆ ನಾನು ಉಪ್ಪಿನಕಾಯಿ ಭರಣಿ ಸರಿಸಿ, ಡಬ್ಬಿಯಿಂದ ಮದ್ದು ತೆಗೆದು, ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣುವ ಮೊಟ್ಟೆಗೂಡಿನಲ್ಲಿ ಇಟ್ಟೆ. ಸಂಜೆ ಪಕ್ಕದ ಮನೆಯ ಸುಮತಿ ಐಸು ಕೇಳಿಕೊಂಡು ಬಂದಳು. ಸಲುಗೆಯವಳು, ತಾನೇ ಬಾಗಿಲು ತೆಗೆದಳು.

“ಮೊಟ್ಟಿ ಜಾಗದಂಗೆ ಎಂತ ಇದ್?”

“ಅದ್ ನಂದ್. ಮುಟ್ಬೇಡ,” ಎಂದೆ. ನನ್ನ ದನಿ ನನಗೇ ದೊಡ್ಡಮ್ಮನದರಂತೆ ಕೇಳಿಸಿತು.

ಅವಳು ‘ನಿಮಗೂ ಶುರುವಾಯಿತಾ’ ಎನ್ನಲಿಲ್ಲ. “ಬದಿಗ್ ಒಂಚೂರ್ ಜಾಗ ಇತ್ತಾ? ನಮ್ ಅತ್ತಿಗೂ ಇದೇ ಮದ್ದ್. ನಮ್ ಫ್ರಿಜ್ ನಿನ್ನೆಯಿಂದ ಹಾಳ್. ಹೇಳುಕೆ ನಾಚ್ಕಿ ಆಯಿ ಐಸ್ ಕೇಂತಿದ್ದೆ,” ಎಂದಳು.

“ಓಡ್ ಹೋಯ್ ತಕಂಬಾ,” ಎಂದೆ. ಅವಳು ಬರುವುದರೊಳಗೆ ಉಳಿದ ಮೊಟ್ಟೆಗಳನ್ನೆಲ್ಲ ಮಿಠಾಯಿ ಡಬ್ಬಿಗೆ ಸಾಗಿಸಿದೆ.